ಎಡಗಡೆಗೆ ಕೆಂಪು ದಾರ

ವಿನೋಬನಗರ, ಶಿವಮೊಗ್ಗ
೯ ನವೆಂಬರ್ ೨೦೨೪

ಉಚ್ಚಂಗಮ್ಮನಿಗೆ,

ಕ್ಷೇಮ ಸಮಾಚಾರ ಕೇಳಿ ಶುರುಮಾಡುವ ಕಾಗದ ಇದಲ್ಲ. ಇಪ್ಪತ್ತಮೂರು ವರ್ಷದಿಂದ ನಿನ್ನ ಜೊತೆ ಮಾತಿಲ್ಲ, ಈಗಲೂ ಮಾತಾಡುವ ಮನಸ್ಸಿಲ್ಲ. ಫೋನು ಮಾಡಿದರೆ ನನ್ನ ದನಿ ಏರುತ್ತದೆ, ನೀನು ಸುಮ್ಮನಾಗುತ್ತೀಯ, ಕೊನೆಗೆ ತಪ್ಪು ನನ್ನದೇ ಎನ್ನಿಸಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೇರವಾಗಿ ಕೇಳುತ್ತೇನೆ. ನನ್ನ ಮಗಳು ಅಮೂಲ್ಯಾ ನಿನ್ನ ಮನೆಗೆ ಬರುತ್ತಿದ್ದಾಳೆಯೇ?

ಅವಳಿಗೆ ಭದ್ರಾವತಿಯ ಬ್ಯಾಂಕಿಗೆ ವರ್ಗವಾಗಿ ಒಂದೂವರೆ ವರ್ಷವಾಯಿತು. ಇಲ್ಲಿಂದ ಮುಕ್ಕಾಲು ಗಂಟೆಯ ಬಸ್ಸಿನ ದಾರಿ. ಎಷ್ಟೋ ಜನ ದಿನಾ ಹೋಗಿ ಬರುತ್ತಾರೆ. ಇವಳು ಮಾತ್ರ ಅಲ್ಲೇ ರೂಮು ಮಾಡಿದಳು. ಈ ಮಾರ್ಚಿನಲ್ಲಿ ಮಂಗಳೂರಿನಲ್ಲಿ ಟ್ರೈನಿಂಗ್ ಎಂದು ಹೋದವಳು ಐದು ವಾರ ಮನೆಯ ಕಡೆ ತಲೆ ಹಾಕಲಿಲ್ಲ. ಬಂದಾಗ ಅರ್ಧ ಇಳಿದುಹೋಗಿದ್ದಳು. ಅಲ್ಲಿಯ ಊಟ ಸೇರಲಿಲ್ಲ ಎಂದಳು. ಬಂದ ಸಂಬಂಧಗಳನ್ನು ಹುಡುಗನ ಫೋಟೋ ಸಹ ನೋಡದೆ ಬೇಡವೆಂದಳು. ಮನೆಗೆ ಬಂದ ದಿನ ರೂಮಿನ ಚಿಲಕ ಹಾಕಿಕೊಂಡು ಮಲಗುತ್ತಾಳೆ. ಮೊನ್ನೆ ನರಕ ಚತುರ್ದಶಿಗೆ ಬೆನ್ನಿಗೆ ಎಣ್ಣೆ ಹಚ್ಚುತ್ತೇನೆ ಎಂದರೆ ಹತ್ತಿರ ಸೇರಿಸಲಿಲ್ಲ. ಮೂವತ್ತನಾಲ್ಕು ವರ್ಷ ಹಚ್ಚಿಸಿಕೊಂಡವಳು.

ಹಬ್ಬ ಮುಗಿಸಿ ಹೊರಟಾಗ ಒಂದು ಚೀಲ ಮರೆತು ಹೋದಳು. ಅದರೊಳಗೆ ಟವೆಲಿನಲ್ಲಿ ಸುತ್ತಿದ ಒಂದು ವಸ್ತು ಇತ್ತು. ಮೈಬಣ್ಣದ ಬನಿಯನ್ ಬಟ್ಟೆ. ಮಾವಿನಹಣ್ಣನ್ನು ಸೀಳಿ ಬೋರಲು ಹಾಕಿದ ಆಕಾರ. ನೋಡಿದರೆ ಹಗುರ ಎನ್ನಿಸುತ್ತದೆ, ಎತ್ತಿದರೆ ಭಾರ. ಒಳಗೆ ಏನೋ ಸರಸರ ಜಾರುತ್ತದೆ. ಹಿಂಭಾಗದಲ್ಲಿ ಕೆಂಪು ದಾರದಲ್ಲಿ ಅಡ್ಡ ಉದ್ದ ಗೀಟು ಹಾಕಿದ ಗುರುತು.

ಅಂಚಿನ ಇರುವೆಸಾಲಿನಂಥ ಕೈಹೊಲಿಗೆ ಯಾರದೆಂದು ನಾನು ಕೇಳಬೇಕಿಲ್ಲ. ಅಮೂಲ್ಯಾಳ ಮೊದಲ ಫ್ರಾಕಿನಿಂದ ಪ್ರೈಮರಿ ಶಾಲೆಯ ಯೂನಿಫಾರ್ಮಿನವರೆಗೆ ಅದೇ ಹೊಲಿಗೆ.

ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಮಾಟ ಮಂತ್ರ ನಂಬುವವಳಲ್ಲ. ಆದರೆ ನಂಬುವವರು ಇದ್ದಾರೆ, ಮಾಡುವವರೂ ಇದ್ದಾರೆ ಎಂಬುದು ಗೊತ್ತು. ಇದು ಏನು, ಯಾತಕ್ಕೆ, ನನ್ನ ಮಗಳಿಗೆ ಯಾಕೆ ಕೊಟ್ಟೆ, ಬರೆದು ತಿಳಿಸು.

ಸತ್ಯಭಾಮಾ

*

ಕಾಗದನಗರ, ಭದ್ರಾವತಿ
೧೬ ನವೆಂಬರ್ ೨೦೨೪

ಟೀಚರಮ್ಮನವರಿಗೆ ಉಚ್ಚಂಗಮ್ಮನ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿ ಬಹಳ ಹೊತ್ತು ಒಡೆಯದೆ ಇಟ್ಟುಕೊಂಡಿದ್ದೆ. ನನ್ನ ಅಕ್ಷರ ಇನ್ನೂ ವಕ್ರವೇ. ತಿದ್ದಿಸಿದವರು ನೀವೇ, ಬೈಯಬೇಡಿ.

ಅಮೂಲ್ಯಮ್ಮ ಬರುತ್ತಾಳೆ. ಸುಳ್ಳು ಹೇಳುವುದಿಲ್ಲ. ಹೊಲಿಗೆಗೆ ಬರುತ್ತಾಳೆ, ಬಂದರೆ ಊಟ ಮಾಡಿ ಹೋಗುತ್ತಾಳೆ.

ನಾನು ಬ್ಲೌಸು ಹೊಲಿಯುವುದು ಕಡಿಮೆ ಮಾಡಿದ್ದೇನೆ. ಪೇಟೆಯ ಟೈಲರುಗಳು ನಕ್ಕು ವಾಪಸು ಕಳಿಸುವಂಥ ಕೆಲಸ ನನ್ನ ಹತ್ತಿರ ಬರುತ್ತದೆ. ಮರ ಕೊಯ್ಯುವ ಮಿಷಿನ್ನಿಗೆ ಕೈ ಕೊಟ್ಟ ಜಟ್ಟಪ್ಪನಿಗೆ ಒಂದೇ ಕೈಯಲ್ಲಿ ತೊಟ್ಟು ಬಿಚ್ಚುವಂಥ ಅಂಗಿ ಹೊಲಿದೆ. ಗಂಡ ತೀರಿಕೊಂಡ ಒಬ್ಬರು ಅವರ ಹದಿನಾಲ್ಕು ಅಂಗಿ ತಂದು, ಎಲ್ಲ ಸೇರಿಸಿ ಒಂದು ದುಪ್ಪಟಿ ಮಾಡಿಕೊಡು, ಆದರೆ ಜೇಬು ಹಾಗೇ ಇರಲಿ ಎಂದರು. ತ್ಯಾವರೆಕೊಪ್ಪದ ಮೃಗಾಲಯದ ಕಡೆಯಿಂದ ಒಬ್ಬರು ಬಂದು ತಬ್ಬಲಿ ಕೋತಿಮರಿಗೆ ಅವುಚಿಕೊಳ್ಳುವುದಕ್ಕೆ ಒಂದು ತಾಯಿಕೋತಿ ಬೇಕು ಎಂದರು. ಹಳೆಯ ಕಂಬಳಿಯಲ್ಲಿ ಹೊಲಿದುಕೊಟ್ಟೆ. ಮರಿ ಅದನ್ನು ಬಿಡುವುದೇ ಇಲ್ಲವಂತೆ. ಮನುಷ್ಯರಿಗೆ ಏನೇನು ಬೇಕಾಗುತ್ತದೆ ಎಂದು ಅಂಗಡಿಯವರಿಗೆ ಗೊತ್ತಿರುವುದಿಲ್ಲ.

ನೀವು ಕಂಡದ್ದು ಅಂಥದೇ ಒಂದು ಹೊಲಿಗೆ. ಕೆಟ್ಟದ್ದಲ್ಲ. ಇಷ್ಟೇ ಬರೆಯಬಲ್ಲೆ. ಅದನ್ನು ಇದ್ದ ಹಾಗೇ ಟವೆಲಿನಲ್ಲಿ ಸುತ್ತಿ ಇದ್ದ ಚೀಲದಲ್ಲೇ ಇಡಿ. ದಯವಿಟ್ಟು ಕತ್ತರಿ ಹಾಕಬೇಡಿ.

ನಿಮ್ಮ
ಉಚ್ಚಂಗಮ್ಮ

*

ಶಿವಮೊಗ್ಗ
೨೪ ನವೆಂಬರ್ ೨೦೨೪

ಉಚ್ಚಂಗಮ್ಮನಿಗೆ,

ಕತ್ತರಿ ಹಾಕಬೇಡಿ ಎಂದು ನೀನು ಬರೆದದ್ದರಿಂದಲೇ ಕತ್ತರಿ ಹಾಕಿದೆ. ಕೆಟ್ಟದ್ದಲ್ಲದ ವಸ್ತುವಿಗೆ ಅಷ್ಟು ಕಾವಲು ಯಾಕೆ?

ಒಳಗಿದ್ದದ್ದು ಸಾಸಿವೆ. ಒಂದು ಪಾವಿನಷ್ಟು. ಅಡುಗೆಮನೆಯ ತುಂಬ ಚೆಲ್ಲಿತು. ನಾಲ್ಕು ದಿನ ಗುಡಿಸಿದರೂ ಗ್ಯಾಸ್ ಕಟ್ಟೆಯ ಕೆಳಗೆ ಇನ್ನೂ ಸಿಗುತ್ತಿದೆ. ಸಾಸಿವೆ, ಕೆಂಪು ದಾರ, ಮೈಬಣ್ಣದ ಬಟ್ಟೆ. ದೃಷ್ಟಿ ತೆಗೆಯುವುದಕ್ಕೆ ಒಂದು ಹಿಡಿ ಸಾಸಿವೆ ಸಾಕು. ಪಾವುಗಟ್ಟಲೆ ತುಂಬಿ ಹೊಲಿದು ಒಂದು ಹೆಣ್ಣಿನ ಕೈಗೆ ಕೊಡುವುದು ಯಾತಕ್ಕೆ?

ಶುಕ್ರವಾರ ಗಾಂಧಿ ಬಜಾರಿಗೆ ಹೋಗಿದ್ದೆ. ದಿನಸಿ ಅಂಗಡಿಯ ರುದ್ರೇಶ್ ನನ್ನ ಹಳೆಯ ವಿದ್ಯಾರ್ಥಿ. ಸುಮ್ಮನೆ ವಿಚಾರಿಸಿದೆ. “ಭದ್ರಾವತಿಯಿಂದ ಒಬ್ಬ ಅಜ್ಜ ಬರ್ತಾನೆ ಟೀಚರ್. ತಿಂಗಳಿಗೆ ಐದು ಕೆಜಿ ಒಯ್ತಾನೆ. ಸಣ್ಣ ಸಾಸಿವೇನೇ ಆಗ್ಬೇಕು, ಅಂಗೈಯಲ್ಲಿ ಹಾಕಿ ಉಜ್ಜಿ ನೋಡ್ತಾನೆ. ಉಪ್ಪಿನಕಾಯಿ ವ್ಯಾಪಾರನಾ ಅಂದ್ರೆ ನಗ್ತಾನೆ, ಹೇಳಲ್ಲ” ಎಂದ. ಅಜ್ಜನ ಚಹರೆ ಕೇಳಿದೆ. ಒಂದು ಕಿವಿಗೆ ಮಿಷಿನ್, ಎಡಗಾಲು ಸ್ವಲ್ಪ ಎಳೆಯುತ್ತಾನೆ. ಅಂದರೆ ನಿನ್ನ ಗಂಡ ಚೌಡಪ್ಪನೇ. ಭದ್ರಾವತಿಯಲ್ಲಿ ಸಾಸಿವೆ ಸಿಗುವುದಿಲ್ಲವೆಂದು ಇಲ್ಲಿಯವರೆಗೆ ಬರುತ್ತಾನೆಯೇ? ಅಲ್ಲಿ ಕೊಂಡರೆ ಜನ ಕೇಳುತ್ತಾರೆಂದು ಬರುತ್ತಾನೆ.

ನಿನ್ನ ಮೇಲೆ ನನಗೆ ನಂಬಿಕೆ ಹೋದದ್ದು ಇವತ್ತಲ್ಲ. ನಮ್ಮ ಯಜಮಾನರ ಅಕ್ಕ ಪದ್ಮಮ್ಮ ಕಾಯಿಲೆಯಾಗಿ ಆಗ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದ ನಮ್ಮ ಮನೆಗೆ ಬಂದಾಗ, ಅವರಿಗೆ ಅಲ್ಸರ್ ಎಂದು ಎಲ್ಲರಿಗೂ ಹೇಳಿದ್ದೆವು. ಒಳಗಿನ ಸಂಗತಿ ಗೊತ್ತಿದ್ದ ಹೊರಗಿನವಳು ನೀನೊಬ್ಬಳೇ. ಹದಿನೈದು ದಿನದಲ್ಲಿ ಕಾಗದನಗರಕ್ಕೆಲ್ಲ ಗೊತ್ತಾಯಿತು. ಆಗ ನಿನ್ನನ್ನು ಕೇಳಲಿಲ್ಲ, ಬಾಗಿಲು ಹಾಕಿಕೊಂಡೆ. ಈಗ ಕೇಳುತ್ತಿದ್ದೇನೆ.

ನಿಮ್ಮ ಎದುರು ಸಾಲಿನ ಗೋವಿಂದಯ್ಯನವರಿಗೆ ಫೋನು ಮಾಡಿದ್ದೇನೆ. ನಮ್ಮ ಯಜಮಾನರ ಸ್ನೇಹಿತರು, ಗಂಭೀರ ಮನುಷ್ಯರು. ನಿನ್ನ ಮನೆಗೆ ಯಾರು ಬರುತ್ತಾರೆ, ಏನು ಒಯ್ಯುತ್ತಾರೆ ಸ್ವಲ್ಪ ಗಮನಿಸಿ ಎಂದು ಹೇಳಿದ್ದೇನೆ. ಮುಚ್ಚಿಡುವುದು ನನ್ನ ಸ್ವಭಾವವಲ್ಲ, ಅದಕ್ಕೆ ನಿನಗೂ ತಿಳಿಸುತ್ತಿದ್ದೇನೆ.

ಸತ್ಯಭಾಮಾ

*

ಕಾಗದನಗರ
೩೦ ನವೆಂಬರ್ ೨೦೨೪

ಟೀಚರಮ್ಮನವರಿಗೆ,

ಅಮೂಲ್ಯಮ್ಮ ಆ ವಸ್ತುವನ್ನು ಹುಡುಕುತ್ತಿದ್ದಾಳೆ. ಬಸ್ಸಿನಲ್ಲಿ ಕಳೆದುಹೋಯಿತು ಎಂದುಕೊಂಡಿದ್ದಾಳೆ. ನಿಮ್ಮ ಕೈಗೆ ಸಿಕ್ಕಿದೆ ಎಂದು ನಾನು ಹೇಳಲಿಲ್ಲ, ನೀವು ಅದನ್ನು ಕತ್ತರಿಸಿದಿರಿ ಎಂದೂ ಹೇಳುವುದಿಲ್ಲ. ಅದನ್ನು ನೀವೇ ಅವಳಿಗೆ ಹೇಳಬೇಕು. ಅವಳನ್ನು ಕೂರಿಸಿಕೊಂಡು ಕೇಳಿ. ದನಿ ಏರಿಸದೆ ಕೇಳಿ.

ನನ್ನ ಮನೆಗೆ ಬರುವ ಯಾರ ವಿಷಯವನ್ನೂ ನಾನು ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ನಿಮ್ಮ ಮಗಳಿಗೆ ಮಾತ್ರ ಅಲ್ಲ, ಬರುವವರೆಲ್ಲರಿಗೂ.

ಗೋವಿಂದಯ್ಯನವರು ಮೂರು ದಿನದಿಂದ ನಮ್ಮ ಬಾಗಿಲ ಎದುರಿಗೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದಾರೆ. ಒಬ್ಬ ಹೆಂಗಸು ಅವರನ್ನು ನೋಡಿ ಗೇಟಿನಿಂದಲೇ ವಾಪಸು ಹೋದಳು. ಹೊಳೆಹೊನ್ನೂರಿನಿಂದ ಬಂದಿದ್ದವಳು.

ಪದ್ಮಮ್ಮನವರ ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ. ಆಗ ನೀವು ಕೇಳಿದ್ದರೆ ಆಗಲೇ ಹೇಳುತ್ತಿದ್ದೆ.

ಉಚ್ಚಂಗಮ್ಮ

*

ಕಾಗದನಗರ
೧೭ ಡಿಸೆಂಬರ್ ೨೦೨೪

ಟೀಚರಮ್ಮನವರಿಗೆ,

ಭಾನುವಾರ ಇಲ್ಲಿ ನಡೆದದ್ದನ್ನು ಗೋವಿಂದಯ್ಯನವರು ಅವತ್ತೇ ನಿಮಗೆ ಫೋನಿನಲ್ಲಿ ಹೇಳಿದರಂತೆ. ಅವರು ಎಲ್ಲಿಂದ ಎಲ್ಲಿಯವರೆಗೆ ಹೇಳಿದರೋ ಗೊತ್ತಿಲ್ಲ. ನಾನು ಕಂಡ ಹಾಗೆ ಬರೆಯುತ್ತೇನೆ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ.

ನೀವು ಗೋವಿಂದಯ್ಯನವರಿಗೆ ಹೇಳಿದ ಸಾಸಿವೆಯ ಮಾತು ಅವರಲ್ಲೇ ನಿಲ್ಲಲಿಲ್ಲ, ಬೀದಿಯಲ್ಲಿ ಮಾಟ ಎಂದಾಯಿತು. ಟೀಚರಮ್ಮನೇ ಅಂದಮೇಲೆ ಸುಳ್ಳಿರುತ್ತದೆಯೇ ಎಂದರು ಜನ. ಪಕ್ಕದ ಮನೆಯ ಉಜ್ಜನಪ್ಪನ ಸೊಸೆಗೆ ಎರಡನೆಯ ಸಲವೂ ಬಸಿರು ನಿಲ್ಲಲಿಲ್ಲ. ಅವರ ಬಾಗಿಲಲ್ಲಿ ನಾಲ್ಕು ಕಾಳು ಸಾಸಿವೆ ಬಿದ್ದಿತ್ತಂತೆ. ನಮ್ಮ ಮನೆಯ ಸಾಸಿವೆ ಚಪ್ಪಲಿಗೆ ಅಂಟಿ ಎಲ್ಲೆಲ್ಲೋ ಹೋಗುತ್ತದೆ. ಅಷ್ಟೇ ಸಾಕಾಯಿತು.

ಬೆಳಿಗ್ಗೆ ಹತ್ತು ಗಂಟೆಗೆ ಇಪ್ಪತ್ತು ಮೂವತ್ತು ಜನ ಬಂದರು. ಉಜ್ಜನಪ್ಪ ಮುಂದೆ ನಿಂತಿದ್ದ. ನಾನು ಹೊಲಿದದ್ದನ್ನು ಇಡುವ ಟ್ರಂಕಿನ ಕಡೆ ಕೈ ತೋರಿಸಿ “ಟ್ರಂಕ್ ತೆಗಿ” ಎಂದ.

ನಾನು “ಅದು ಬೇರೆಯವರ ಸಾಮಾನು ಕಣಣ್ಣ, ತೆಗೆಯಕಾಗಲ್ಲ” ಎಂದೆ.

“ಯಾರ ಸಾಮಾನು? ಹೆಸರು ಹೇಳು.”

ಹೇಳಲಿಲ್ಲ. ನಮ್ಮ ಯಜಮಾನರು ಟ್ರಂಕಿನ ಮೇಲೆ ಹೋಗಿ ಕುಳಿತರು. ಅವರನ್ನು ರಟ್ಟೆ ಹಿಡಿದು ಎಬ್ಬಿಸಿದರು. ಕಿವಿಯ ಮಿಷಿನ್ ಬಿದ್ದು ತುಳಿತಕ್ಕೆ ಸಿಕ್ಕಿತು. ಟ್ರಂಕನ್ನು ರಸ್ತೆಗೆ ಎಳೆದು ಸುರುವಿದರು. ಹನ್ನೊಂದು ಇದ್ದವು. ಒಂದೊಂದು ಒಂದೊಂದು ಅಳತೆ, ಹಿಂದೆ ಎಡಕ್ಕೆ ಕೆಂಪು ದಾರ, ಬಲಕ್ಕೆ ನೀಲಿ ದಾರ. ಯಾವುದು ಯಾವ ಕಡೆಗೆ ಎಂದು ಗೊತ್ತಾಗಲು ಹಾಕುವ ಗುರುತು, ಅಷ್ಟೇ. ಯಾರೋ ಬಾಟಲಿಯಲ್ಲಿ ಪೆಟ್ರೋಲು ತಂದಿದ್ದರು. ನಾನು ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಆ ಗುಂಪಿನಲ್ಲಿ ಹಿಂದೆ ನಿಂತಿದ್ದ ಹೆಂಗಸರಲ್ಲಿ ಇಬ್ಬರದು ಆ ರಾಶಿಯಲ್ಲೇ ಇತ್ತು. ಅವರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ. ಅವರು ನನ್ನನ್ನು ನಂಬಿದ್ದರು.

ಆಗ ಅಮೂಲ್ಯಮ್ಮ ಬಂದಳು. ಕಳೆದುಹೋದದ್ದಕ್ಕೆ ಬದಲಾಗಿ ಇನ್ನೊಂದು ಅಳತೆ ಕೊಡಲು ಬರುತ್ತೇನೆಂದು ಹೇಳಿದ್ದ ದಿನ ಅದು. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಜನರ ನಡುವೆ ನಡೆದು ಬಂದು ರಾಶಿಯಿಂದ ಒಂದನ್ನು ಎತ್ತಿಕೊಂಡಳು. ಅದು ಅವಳದಲ್ಲ, ನನಗೆ ಗೊತ್ತು.

“ಇದು ನಂದು” ಎಂದಳು.

ಉಜ್ಜನಪ್ಪ “ನಿಂದು ಅಂದ್ರೆ ಏನಮ್ಮ? ಏನಿದು?” ಎಂದ.

“ನಂಗೆ ಕ್ಯಾನ್ಸರ್ ಆಗಿತ್ತು. ಮಾರ್ಚಲ್ಲಿ ಆಪರೇಷನ್ ಮಾಡಿ ಎಡಗಡೆ ಮೊಲೆ ತೆಗೆದ್ರು. ಇದನ್ನ ಒಳಗಿಟ್ಕೊಂಡು ನಾನು ಆಫೀಸಿಗೆ ಹೋಗ್ತೀನಿ. ನಿಮ್ಮ ಪಾಸ್‌ಬುಕ್ ಎಂಟ್ರಿ ಮಾಡ್ಕೊಡ್ತೀನಲ್ಲ, ಆವಾಗ್ಲೂ ಇಟ್ಕೊಂಡಿರ್ತೀನಿ.”

ಅವಳು ರಾಶಿಯ ಕಡೆ ಕೈ ತೋರಿಸಿದಳು.

“ಸುಡೋದಾದ್ರೆ ಸುಡಿ. ಆದ್ರೆ ಮಾಟ ಅಂತ ಸುಡಬೇಡಿ. ಏನು ಸುಡ್ತಿದೀವಿ ಅಂತ ಗೊತ್ತಿದ್ದು ಸುಡಿ.”

ಪೆಟ್ರೋಲಿನ ಬಾಟಲಿ ಹಿಡಿದಿದ್ದವನು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡ. ಗೋವಿಂದಯ್ಯನವರು ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಐದು ನಿಮಿಷದಲ್ಲಿ ರಸ್ತೆ ಖಾಲಿಯಾಯಿತು. ನಾನೂ ಅವಳೂ ಸೇರಿ ಎಲ್ಲವನ್ನೂ ಆರಿಸಿದೆವು. ಅಲ್ಲಿಯವರೆಗೆ ಗಟ್ಟಿಯಾಗಿದ್ದಳು. ಒಳಗೆ ಬಂದಮೇಲೆ ನನ್ನ ಮಡಿಲಲ್ಲಿ ತಲೆಯಿಟ್ಟು, “ಉಚ್ಚಂಗಕ್ಕ, ಅಮ್ಮಂಗೆ ನಾನೇ ಹೇಳ್ಬೇಕು ಅಂತ ಇದ್ದೆ” ಎಂದಳು. ಆಮೇಲೆ, ಜನ ಯಾಕೆ ಬಂದರು, ಯಾರು ಹೇಳಿದರು ಎಂದು ಕೇಳಿದಳು. ನಾನು ಹೇಳಲಿಲ್ಲ. ಆದರೆ ಉಜ್ಜನಪ್ಪ ಹೋಗುವಾಗ ನಿಮ್ಮ ಹೆಸರು ಹೇಳಿ ಹೋಗಿದ್ದ, ಅದು ಅವಳ ಕಿವಿಗೂ ಬಿದ್ದಿತ್ತು.

ನೀವು ಕೇಳುವ ಮೊದಲೇ ಬರೆಯುತ್ತೇನೆ. ನನಗೂ ಅದೇ ಕಾಯಿಲೆಯಾಗಿ ಹನ್ನೆರಡು ವರ್ಷವಾಯಿತು. ಅಂಗಡಿಯ ರಬ್ಬರಿನದು ನಮ್ಮಂಥವರ ಕೈಗೆ ಎಟುಕುವುದಿಲ್ಲ. ಒಂದು ಕಡೆ ಭಾರ ಇನ್ನೊಂದು ಕಡೆ ಖಾಲಿ ಇದ್ದರೆ ಹೆಗಲು ಜಗ್ಗುತ್ತದೆ, ನಡಿಗೆ ಓರೆಯಾಗುತ್ತದೆ. ಯಜಮಾನರ ಹಳೆಯ ಖಾಕಿ ಪ್ಯಾಂಟಿನ ಬಟ್ಟೆಯಲ್ಲಿ ಮೊದಲನೆಯದು ಹೊಲಿದುಕೊಂಡೆ. ಅಕ್ಕಿ ತುಂಬಿದೆ, ಹುಳ ಬಿತ್ತು. ಸಬ್ಬಕ್ಕಿ ಬೆವರಿಗೆ ಅಂಟಾಯಿತು. ಸಾಸಿವೆಯೇ ಸರಿ, ಮೈ ಬಗ್ಗಿದಂತೆ ಬಗ್ಗುತ್ತದೆ. ಯಜಮಾನರು ತೂಕ ಮಾಡುತ್ತಾರೆ, ನಾನು ಹೊಲಿಯುತ್ತೇನೆ. ಕೇಳಿ ಕೇಳಿ ಜನ ಬಂದರು.

ಅಮೂಲ್ಯಮ್ಮ ಅಂಗಡಿಯದನ್ನೇ ಕೊಂಡಿದ್ದಳು. ಸೆಕೆಗೆ ಗಾಯದ ಜಾಗವೆಲ್ಲ ಕೆಂಪಾಗಿ ನನ್ನ ಹತ್ತಿರ ಬಂದಳು. ಮಂಗಳೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಅವಳ ಜೊತೆ ಇದ್ದವಳು ನಾನು. ಗಂಟು ಸಣ್ಣದಿತ್ತು, ಬೇರೆ ಕಡೆ ಹರಡಿಲ್ಲ, ಮಾತ್ರೆ ಸಾಕು ಎಂದಿದ್ದಾರೆ. ನಿಮಗೆ ಈಗ ಬೇಕಾದದ್ದು ಅದೇ ಸುದ್ದಿ ಎಂದು ಗೊತ್ತು.

ಉಚ್ಚಂಗಮ್ಮ

*

ಶಿವಮೊಗ್ಗ
೨೦ ಡಿಸೆಂಬರ್ ೨೦೨೪

ಅಮೂ,

ನೀನು ಫೋನು ಎತ್ತುತ್ತಿಲ್ಲ. ಬುಧವಾರ ನಿನ್ನ ರೂಮಿನ ತನಕ ಬಂದಿದ್ದೆ. ಒಳಗೆ ಫ್ಯಾನು ತಿರುಗುವ ಸದ್ದು ಕೇಳಿಸುತ್ತಿತ್ತು. ಅರ್ಧ ಗಂಟೆ ಮೆಟ್ಟಿಲ ಮೇಲೆ ಕುಳಿತು ವಾಪಸು ಬಂದೆ.

ನಿನ್ನ ಚೀಲ ತೆಗೆದದ್ದು ನಾನು. ಕತ್ತರಿಸಿದ್ದೂ ನಾನು. ಗೋವಿಂದಯ್ಯನವರಿಗೆ ಹೇಳಿದ್ದೂ ನಾನೇ. ನಿನ್ನ ಮೇಲೆ ಯಾರೋ ಏನೋ ಮಾಡುತ್ತಿದ್ದಾರೆ ಎಂದು ಹೆದರಿದ್ದೆ. ಅದು ನೆವವಲ್ಲ, ನಿಜ. ಆದರೆ ಎಲ್ಲರನ್ನೂ ವಿಚಾರಿಸಿದೆ, ನಿನ್ನೊಬ್ಬಳನ್ನು ಬಿಟ್ಟು.

ಗೋವಿಂದಯ್ಯನವರು ಫೋನು ಮಾಡಿ “ನಿಮ್ಮ ಮಗಳು ಹೀಗೆ ಹೀಗೆ ಅಂದ್ಲು” ಎಂದಾಗ ನಾನು ಕುಕ್ಕರ್ ಇಡುತ್ತಿದ್ದೆ. ನನ್ನ ಮಗಳಿಗೆ ಆ ರೋಗ ಬಂದದ್ದು, ಆ ಜಾಗಕ್ಕೆ ಶಸ್ತ್ರಚಿಕಿತ್ಸೆಯಾದದ್ದು ನನಗೆ ಒಬ್ಬ ಗಂಡಸಿನ ಬಾಯಿಂದ ಗೊತ್ತಾಯಿತು. ನೀನು ಅದನ್ನು ಬೀದಿಯಲ್ಲಿ ಹೇಳಬೇಕಾಗಿ ಬಂದದ್ದಕ್ಕೆ ಕಾರಣವೂ ನಾನೇ ಎಂದು ತಿಳಿಯಲು ಉಚ್ಚಂಗಮ್ಮನ ಕಾಗದ ಬರಬೇಕಾಯಿತು.

ಒಂಬತ್ತು ತಿಂಗಳು ಯಾಕೆ ಹೇಳಲಿಲ್ಲ ಅಮೂ? ಇಷ್ಟು ಮಾತ್ರ ತಿಳಿಸು. ಊಟ ಬಿಡಬೇಡ.

ಅಮ್ಮ

*

ಭದ್ರಾವತಿ
೧೨ ಜನವರಿ ೨೦೨೫

ಅಮ್ಮ,

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ಬರೆಯಲು ಇಷ್ಟು ದಿನ ಬೇಕಾಯಿತು.

ಪದ್ಮತ್ತೆ ನಮ್ಮ ಮನೆಯಲ್ಲಿದ್ದ ಏಳು ತಿಂಗಳು ನಿನಗೆ ಎಷ್ಟು ನೆನಪಿದೆಯೋ ನನಗೆ ಗೊತ್ತಿಲ್ಲ. ನನಗೆ ಹನ್ನೊಂದು ವರ್ಷ. ನನಗೆ ಈಗ ಬಂದ ಕಾಯಿಲೆಯೇ ಅವರಿಗೂ. ಅವರಿಗೆ ಹಿಂದಿನ ರೂಮು. ಬೇರೆ ಸೋಪು, ಬೇರೆ ಬಕೆಟ್ಟು. ಅವರ ಸ್ಟೀಲ್ ತಟ್ಟೆ ನಮ್ಮ ತಟ್ಟೆಗಳ ಜೊತೆ ಸೇರಬಾರದೆಂದು ನೀನು ಅದರ ಹಿಂದೆ ಮೊಳೆಯಿಂದ ಚುಕ್ಕೆ ಕುಟ್ಟಿದ್ದೆ. ಅದು ಅಂಟುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದ್ದು ನಿನಗೂ ಗೊತ್ತಿತ್ತು. ಆದರೂ ಕುಟ್ಟಿದೆ. ನಾನು ಅವರ ರೂಮಿಗೆ ಹೋದರೆ ಕೈಕಾಲು ತೊಳೆದು ಬಾ ಎನ್ನುತ್ತಿದ್ದೆ, ಅವರಿಗೆ ಕೇಳಿಸುವ ಹಾಗೆ. ಅವರ ಗಾಯಕ್ಕೆ ಬಟ್ಟೆ ಕಟ್ಟಿದ್ದು ಉಚ್ಚಂಗಕ್ಕ ಒಬ್ಬಳೇ. ನಾನು ಬಾಗಿಲ ಸಂದಿಯಲ್ಲಿ ನೋಡುತ್ತಿದ್ದೆ.

ಸ್ನಾನದ ಮನೆಯಲ್ಲಿ ಕೈಗೆ ಗಂಟು ಸಿಕ್ಕಿದ ದಿನ ನನಗೆ ಸಾವಿನ ಯೋಚನೆ ಬರಲಿಲ್ಲ. ಆ ತಟ್ಟೆ ನೆನಪಾಯಿತು. ನೀನು ನನ್ನನ್ನು ಬೇರೆ ಕೂರಿಸುತ್ತಿರಲಿಲ್ಲ, ನನಗೆ ಗೊತ್ತು. ನೀನು ಅತ್ತು ಕರೆದು ದೇವರಿಗೆ ಹರಕೆ ಹೊತ್ತುಕೊಳ್ಳುತ್ತಿದ್ದೆ. ಆದರೂ ನಿನ್ನ ಕಣ್ಣಲ್ಲಿ ಒಂದೇ ಒಂದು ಕ್ಷಣ ಆ ಚುಕ್ಕೆ ಕಂಡುಬಿಟ್ಟರೆ ಏನು ಮಾಡಲಿ ಎಂದು ಹೆದರಿದೆ. ನೀನು ನನ್ನನ್ನು ಅನುಮಾನಿಸಿದಂತೆ ನಾನೂ ನಿನ್ನನ್ನು ಅನುಮಾನಿಸಿದೆ.

ಇನ್ನೊಂದು ಇದೆ. ಪದ್ಮತ್ತೆಯ ಕಾಯಿಲೆಯ ಸುದ್ದಿ ಹೊರಗೆ ಹಾಕಿದ್ದು ಉಚ್ಚಂಗಕ್ಕ ಅಲ್ಲ. ನಾನು. ಶಾಲೆಯಲ್ಲಿ ಮಾನಸ ಎಂಬ ಹುಡುಗಿಗೆ ಹೇಳಿದೆ, ಯಾರಿಗೂ ಹೇಳಬೇಡ ಎಂದೇ ಹೇಳಿದೆ. ನೀನು ಉಚ್ಚಂಗಕ್ಕನ ಮೇಲೆ ಬಾಗಿಲು ಹಾಕಿಕೊಂಡಾಗ ಹೆದರಿ ಸುಮ್ಮನಿದ್ದೆ. ಭದ್ರಾವತಿಗೆ ವರ್ಗವಾದ ಮೊದಲ ವಾರ ಹೋಗಿ ಅವಳ ಹತ್ತಿರ ಒಪ್ಪಿಕೊಂಡೆ. “ನಂಗೆ ಆವಾಗ್ಲೇ ಗೊತ್ತಿತ್ತು ಕಣೆ, ನೀನು ಸಣ್ಣೋಳು” ಎಂದಳು. ಇಪ್ಪತ್ತಮೂರು ವರ್ಷ ನನ್ನ ಬದಲಿಗೆ ಆಪಾದನೆ ಹೊತ್ತಿದ್ದಳು.

ಚೆಕಪ್ ಚೆನ್ನಾಗಿದೆ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸದ್ಯಕ್ಕೆ ಬರಬೇಡ, ನಾನೂ ಬರುವುದಿಲ್ಲ. ಬ್ಯಾಂಕಿನಲ್ಲಿ ಎಲ್ಲರೂ ಮೊದಲು ನನ್ನ ಎದೆ ನೋಡಿ ಆಮೇಲೆ ಮುಖ ನೋಡುತ್ತಿದ್ದಾರೆ. ಅದು ಅವರಿಗೆ ಹಳತಾಗಲಿ.

ಅಮೂಲ್ಯಾ

*

ಶಿವಮೊಗ್ಗ
೩ ಫೆಬ್ರವರಿ ೨೦೨೫

ಉಚ್ಚಂಗಮ್ಮನವರಿಗೆ,

ಅಮೂಲ್ಯಾಳ ಕಾಗದ ಬಂದು ಮೂರು ವಾರವಾಯಿತು. ಎರಡು ಸಲ ನಿಮ್ಮ ಮೇಲೆ ಅನುಮಾನಪಟ್ಟೆ, ಎರಡು ಸಲವೂ ತಪ್ಪು. ಮೊದಲನೆಯ ಸಲ ನನ್ನ ಮನೆಯ ಮಗುವಿನ ಮಾತಿಗೆ ನಿಮಗೆ ಶಿಕ್ಷೆ ಕೊಟ್ಟೆ. ಪದ್ಮಮ್ಮನ ಗಾಯ ತೊಳೆದ ಕೈಯ ಮೇಲೇ ಸಂಶಯಪಟ್ಟೆ. ನಾನು ತೊಳೆಯಬೇಕಿತ್ತು.

ಹೋದ ಭಾನುವಾರ ಕಾಗದನಗರಕ್ಕೆ ಬಂದಿದ್ದೆ. ನಿಮ್ಮ ಮನೆಗೆ ಬರಲು ಧೈರ್ಯವಾಗಲಿಲ್ಲ. ಗೋವಿಂದಯ್ಯನವರ ಮನೆಗೂ ಉಜ್ಜನಪ್ಪನ ಮನೆಗೂ ಹೋದೆ. ಸುದ್ದಿ ಹಬ್ಬಿಸಿದ್ದು ನಾನು, ಅದು ಸುಳ್ಳು ಎಂದು ನಿಂತು ಹೇಳಿದೆ. ಉಜ್ಜನಪ್ಪನ ಸೊಸೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಅವಳನ್ನು ಒಳ್ಳೆಯ ಡಾಕ್ಟರಿಗೆ ತೋರಿಸಿ ಎಂದೂ ಹೇಳಿ ಬಂದೆ.

ಚೌಡಪ್ಪನವರ ಕಿವಿಯ ಮಿಷಿನ್ನಿಗೆ ಬದಲು ಹೊಸದು ಕೊಡಿಸುವುದು ನನ್ನ ಜವಾಬ್ದಾರಿ. ಬೇಡವೆನ್ನಬೇಡಿ. ಅದರ ಹೊರತು ನಾನು ಏನು ಮಾಡಬಹುದು ಎಂದು ತಿಳಿಸಿದರೆ ಮಾಡುತ್ತೇನೆ. ಹೊಲಿಯಲು ಕಲಿಸಿದರೆ ಹೊಲಿಯುತ್ತೇನೆ.

ಇತಿ,
ಸತ್ಯಭಾಮಾ

*

ಕಾಗದನಗರ
೨೦ ಫೆಬ್ರವರಿ ೨೦೨೫

ಟೀಚರಮ್ಮನವರಿಗೆ,

ಬಹುವಚನ ನೋಡಿದೆ. ಇರಲಿ.

ನಿಮ್ಮ ಕಾಗದ ಎರಡು ಸಲ ಓದಿದೆ. ಇದರ ಹಿಂದೆ ಬೇರೆ ಏನಾದರೂ ಇದೆಯೋ ಎಂದು ಹುಡುಕಿದೆ. ನನಗೂ ಆ ಚಾಳಿ ಹತ್ತಿದೆ. ಯಜಮಾನರಿಗೆ ಓದಿ ಹೇಳಿದೆ, ಕೂಗಿ ಕೂಗಿ ಓದಬೇಕಾಯಿತು. “ಮಿಷಿನ್ ತಗೋಣ, ಮನಸ್ತಾಪ ಆಮೇಲೆ ನೋಡ್ಕೊಳಾಣ” ಎಂದರು.

ನೀವು ಹೊಲಿಯುವುದು ಬೇಡ. ನಿಮ್ಮ ಕೈಗೆ ಅದು ಒಗ್ಗುವುದಿಲ್ಲ, ಆಗಲೇ ನೋಡಿದ್ದೇನೆ. ಇಲ್ಲಿ ಬೇರೆ ತೊಂದರೆಯಾಗಿದೆ. ಮಾಟವಲ್ಲ ಎಂದು ಈಗ ಎಲ್ಲರಿಗೂ ಗೊತ್ತು. ಏನು ಎಂದೂ ಗೊತ್ತು. ನನ್ನ ಬಾಗಿಲಿಗೆ ಯಾವ ಹೆಂಗಸು ಬಂದರೂ ಬೀದಿ ಅವಳ ಎದೆ ನೋಡುತ್ತದೆ. ಇಪ್ಪತ್ತು ಜನ ಬರುತ್ತಿದ್ದರು, ಈಗ ಇಬ್ಬರು. ಉಳಿದವರು ಫೋನು ಮಾಡಿ ಅಳುತ್ತಾರೆ. ಹೊಳೆಹೊನ್ನೂರಿನವಳು ಎದೆಗೆ ಹಳೆಯ ಸೀರೆ ಮುದ್ದೆ ಮಾಡಿ ಇಟ್ಟುಕೊಂಡು ಕೂಲಿಗೆ ಹೋಗುತ್ತಾಳಂತೆ.

ಅವರೆಲ್ಲ ಅವರವರ ಮನೆಯಲ್ಲೇ ಬಾಗಿಲು ಹಾಕಿಕೊಂಡು ಹೊಲಿದುಕೊಳ್ಳುವಂತಾಗಬೇಕು. ಅಳತೆ ಹೇಗೆ, ಬಟ್ಟೆ ಯಾವುದು, ಎಷ್ಟು ತುಂಬಬೇಕು, ಯಾವಾಗ ಬಿಚ್ಚಿ ಒಗೆಯಬೇಕು. ಫೋನಿನಲ್ಲಿ ಹೇಳಿದರೆ ಮರೆಯುತ್ತಾರೆ. ನಾನು ಬರೆದರೆ ಯಾರಿಗೂ ಓದಲು ಬರುವುದಿಲ್ಲ. ನೀವು ಒಂದನೇ ತರಗತಿಯ ಮಕ್ಕಳಿಗೂ ತಿಳಿಯುವ ಹಾಗೆ ಬರೆಯುತ್ತೀರಿ. ಒಂದು ಹಾಳೆ ಬರೆದುಕೊಡಿ. ಮಾಡುವ ಕ್ರಮವನ್ನು ನಾನು ಬೇರೆ ಚೀಟಿಯಲ್ಲಿ ಹಾಕಿದ್ದೇನೆ.

ಬರೆದದ್ದನ್ನು ನನಗೆ ಕಳಿಸಬೇಡಿ, ಅಮೂಲ್ಯಮ್ಮನಿಗೆ ಕಳಿಸಿ. ತೊಡುವವಳು ಅವಳು, ತಪ್ಪಿದ್ದರೆ ಅವಳಿಗೇ ತಿಳಿಯುವುದು. ಉತ್ತರ ಬರೆಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅವಳಿಗೆ ಶಿಫಾರಸು ಮಾಡುವುದಿಲ್ಲ.

ಇನ್ನೊಂದು ಮಾತು. ನಿಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ. ಹೆಸರು ಹೇಳುವುದಿಲ್ಲ. ಯಾರೆಂದು ಪತ್ತೆ ಮಾಡಲು ಹೋಗಬೇಡಿ.

ಉಚ್ಚಂಗಮ್ಮ

*

ಭದ್ರಾವತಿ
೯ ಏಪ್ರಿಲ್ ೨೦೨೫

ಅಮ್ಮ,

ನಿನ್ನ ಹಾಳೆ ಬಂದು ಇಪ್ಪತ್ತು ದಿನವಾಯಿತು. ಮೊದಲು ತೆರೆದು ನೋಡಲಿಲ್ಲ. ಆಮೇಲೆ ನೋಡಿದೆ. ಆಮೇಲೆ ಅದರಲ್ಲಿ ಬರೆದಿರುವ ಹಾಗೆಯೇ, ಉಚ್ಚಂಗಕ್ಕನನ್ನು ಒಂದು ಮಾತೂ ಕೇಳದೆ, ನಾನೇ ಒಂದನ್ನು ಹೊಲಿದೆ. ಭಾನುವಾರ ಪೂರ್ತಿ ಹಿಡಿಯಿತು. ಸೋಮವಾರದಿಂದ ಅದನ್ನೇ ಹಾಕಿಕೊಂಡು ಬ್ಯಾಂಕಿಗೆ ಹೋಗುತ್ತಿದ್ದೇನೆ. ಸರಿಯಾಗಿ ಕೂರುತ್ತದೆ.

ಕೆಲವು ಕಡೆ ತಿದ್ದಬೇಕು. ಸಾಸಿವೆಯನ್ನು ತೊಳೆದು ಒಣಗಿಸಿ ಎಂದಷ್ಟೇ ಇದೆ. ಎರಡು ಬಿಸಿಲು ಒಣಗಿಸಿ ಎಂದು ಬರಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಒಳಚೀಲ ಬೇರೆ, ಹೊರಚೀಲ ಬೇರೆ ಎಂಬುದನ್ನು ಮೊದಲೇ ಹೇಳು. ನೀನು ಕೊನೆಯಲ್ಲಿ ಹೇಳಿದ್ದೀಯ, ನಾನು ಅಷ್ಟರಲ್ಲಿ ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ, ಬಿಚ್ಚಬೇಕಾಯಿತು. ತಕ್ಕಡಿ ಇಲ್ಲದವರಿಗೆ ಲೋಟದ ಲೆಕ್ಕ ಕೊಟ್ಟಿರುವುದು ಒಳ್ಳೆಯದಾಯಿತು. ಹೊಲಿದು ಮುಗಿದಮೇಲೆ ಉಚ್ಚಂಗಕ್ಕನಿಗೆ ತೋರಿಸಿದೆ, ಅದು ತನ್ನ ಚೀಟಿಯಲ್ಲಿ ಇರಲಿಲ್ಲ, ನೀನೇ ಯೋಚಿಸಿದ್ದು ಎಂದಳು. ಎಷ್ಟು ಸಲ ಅಳೆದು ನೋಡಿದೆ ಅಮ್ಮ?

ದೊಡ್ಡ ತಪ್ಪು ಒಂದಿದೆ. ಎರಡು ಪುಟದಲ್ಲಿ ‘ಆ ಜಾಗ’, ‘ಆ ಭಾಗ’, ‘ಶಸ್ತ್ರಚಿಕಿತ್ಸೆಯಾದ ಕಡೆ’ ಎಂದು ಒಂಬತ್ತು ಕಡೆ ಬರೆದಿದ್ದೀಯ. ಯಾವ ಜಾಗ, ಯಾವ ಭಾಗ ಎಂದು ಎಲ್ಲಿಯೂ ಹೇಳಿಲ್ಲ. ಮೊಲೆ ಎಂದು ಬರಿ. ಒಂಬತ್ತು ಕಡೆಯೂ ಬರಿ. ಈ ಹಾಳೆ ಓದುವವಳು ಡಾಕ್ಟರ ಎದುರು, ಗಂಡನ ಎದುರು, ಅತ್ತೆಯ ಎದುರು ಆ ಪದ ನುಂಗಿಕೊಂಡು ನುಂಗಿಕೊಂಡು ಸುಸ್ತಾಗಿರುತ್ತಾಳೆ. ಒಂದು ಕಾಗದವಾದರೂ ಅವಳಿಗೆ ಅದನ್ನು ನೆಟ್ಟಗೆ ಹೇಳಲಿ. ನಿನಗೆ ಕಷ್ಟವಾಗುತ್ತದೆಂದು ಗೊತ್ತು. ಮೊದಲು ಪೆನ್ಸಿಲಿನಲ್ಲಿ ಬರೆದು ನೋಡು.

ಶುದ್ಧಪ್ರತಿ ಮಾಡಿಡು. ಪೋಸ್ಟಿಗೆ ಹಾಕಬೇಡ. ಭಾನುವಾರ ಬೆಳಿಗ್ಗೆ ನಾನೇ ಬಂದು ತೆಗೆದುಕೊಳ್ಳುತ್ತೇನೆ. ಊಟಕ್ಕೆ ನಿಲ್ಲುತ್ತೇನೋ ಇಲ್ಲವೋ ಬಂದಮೇಲೆ ನೋಡೋಣ. ಆದರೆ ಅಕ್ಕಿ ಇಬ್ಬರಿಗೆ ಇಡು.

ಅಮೂ